ಸಮಡೋಳಿ ಕಾಕಾನ ಮಲ್ಪೆ ಸವಾರಿ

ಉಳ್ಳಾಗಡ್ಡಿಯನ್ನೂ ಹೊಸ್ತಿಲ ಒಳಗೆ ಬಿಟ್ಟುಕೊಳ್ಳದ ಮನೆತನ ನಮ್ಮದು. ಊರು ಸಮಡೋಳಿ, ಸಾಂಗ್ಲಿಗೆ ಹತ್ತಿರ, ಸಮುದ್ರಕ್ಕೆ ನಡುವೆ ಇಡೀ ಸಹ್ಯಾದ್ರಿ ಅಡ್ಡ. 1924ರಲ್ಲಿ ಜೈನ ಮುನಿ ಶಾಂತಿಸಾಗರ ಮಹಾರಾಜರಿಗೆ ಆಚಾರ್ಯ ಪದವಿ ಕೊಟ್ಟ ಊರೆಂಬ ಹೆಮ್ಮೆ ನಮ್ಮ ಕಾಕಾಗೆ ಎಷ್ಟೆಂದರೆ, ಕಂಡಕ್ಟರ್ "ಎಲ್ಲಿಗ್ರಿ?" ಎಂದು ಕೇಳಿದರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಇಂಥ ಕಾಕಾ ಬೆಳಗಿನ ಐದೂವರೆಗೆ ಮಲ್ಪೆ ಮೀನುಗಾರಿಕೆ ಬಂದರಿನಲ್ಲಿ ನಿಂತದ್ದು ನಮ್ಮ ಡ್ರೈವರನ ಕೃಪೆ.

ಕಾರ್ಕಳ, ಮೂಡುಬಿದಿರೆ, ವೇಣೂರು ಯಾತ್ರೆಗೆ ಹೊರಟವರು ಉಡುಪಿಯಲ್ಲಿ ತಂಗಿದ್ದೆವು. ಸಮುದ್ರದೊಳಗಿಂದ ಸೂರ್ಯ ಹುಟ್ಟುವುದನ್ನು ನೋಡಲೇಬೇಕೆಂದು ಕಾಕಾನ ಹಟ. ಪಡುವಣ ಕಡಲಲ್ಲಿ ಸೂರ್ಯ ಮುಳುಗುತ್ತಾನೆಯೇ ಹೊರತು ಹುಟ್ಟುವುದಿಲ್ಲ ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಮಿರಜಿನ ಡ್ರೈವರಿಗೋ ಮೀನಿನ ಆಸೆ. "ಬರ್ರಿ ಕಾಕಾ, ತೋರಸ್ತೀನಿ" ಅಂದವನೇ ಗಾಡಿಯನ್ನು ನೇರ ಬಂದರಿಗೆ ತಂದು ನಿಲ್ಲಿಸಿದ. ಕಾಕಿ ಕಿಟಕಿಯ ಗಾಜು ಏರಿಸಿ ಣಮೋಕಾರ ಹಿಡಿದರು.

ಕಾಕಾ ಟವೆಲ್ಲಿನಿಂದ ಮೂಗು ಬಾಯಿ ಬಿಗಿದುಕೊಂಡು ಇಳಿದರು. ಧಕ್ಕೆಯ ಉದ್ದಕ್ಕೂ ಆಳಸಮುದ್ರದಿಂದ ಬಂದ ಬೋಟುಗಳು ಒತ್ತೊತ್ತಾಗಿ ನಿಂತಿದ್ದವು. ಒಳಗಿಂದ ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ, ಬೊಂಡಾಸ್ ಮೇಲೆ ಬರುತ್ತಿತ್ತು. ಬುಟ್ಟಿ ಹೊತ್ತವರು ಐಸಿನ ನೀರು ಸೋರಿಸುತ್ತ "ಸೈಡ್, ಸೈಡ್" ಎಂದು ಓಡುತ್ತಿದ್ದರು. ಕಾಕಾ ಯಾವ ಸೈಡಿಗೆ ಸರಿದರೂ ಅದೇ ತಪ್ಪು ಸೈಡು. ಮೀನು ಮಾರುವ ಹೆಂಗಸೊಬ್ಬಳು ಕರೆದಳು:

"ಬಂಗುಡೆ ಬೇಕಾ ಮಾರಾಯ್ರೆ? ಈಗಷ್ಟೇ ಬಂದದ್ದು."

"ನಾವು ಉಳ್ಳಾಗಡ್ಡಿನೂ ತಿನ್ನಂಗಿಲ್ಲ, ತಂಗಿ."

"ಅಯ್ಯೋ ದೇವರೇ! ಮತ್ತೆ ಎಂತ ತಿಂದು ಇಷ್ಟು ದಪ್ಪ ಆದದ್ದು?"

ಅಷ್ಟರಲ್ಲಿ ಹರಾಜು ಶುರುವಾಯಿತು ನೋಡಿ, ಕಾಕಾ ಬೇರೆಯೇ ಮನುಷ್ಯ! ಸಾಂಗ್ಲಿಯಲ್ಲಿ ಜೀವಮಾನವಿಡೀ ಅರಿಶಿಣದ ಅಡತಿ ನಡೆಸಿದ ಕಿವಿ ಅದು, ದರ ಕೂಗಿದರೆ ಸಾಕು, ನಿಮಿರುತ್ತದೆ. ಟವೆಲ್ಲು ಮೂಗಿನಿಂದ ಗದ್ದಕ್ಕೆ, ಗದ್ದದಿಂದ ಹೆಗಲಿಗೆ ಇಳಿಯಿತು. ವ್ಯಾಪಾರಿಯೊಬ್ಬ ಅಂಜಲ್ ಮೀನಿನ ಕಿವಿರು ಎತ್ತಿ ಒಳಗಿನ ಕೆಂಪು ನೋಡಿದ. "ನಾವೂ ಅರಿಶಿಣದ ಕೊಂಬು ಮುರದು ಒಳಗಿನ ಬಣ್ಣಾನ ನೋಡೂದು" ಎಂದು ಕಾಕಾ ತಲೆದೂಗಿದರು. ದರ ಇಳಿದಾಗ ಮಾತ್ರ ಚಡಪಡಿಸಿಬಿಟ್ಟರು. "ಯಾಕ ಕೊಡ್ತಾನ ಇಂವ? ಎರಡು ತಿಂಗಳು ತಡದ್ರ ಏರತೈತಿ!" ಹರಿಪುರದ ನೆಲದಡಿಯ ಹಗೇವುಗಳಲ್ಲಿ ಅರಿಶಿಣ ತುಂಬಿ ಬಾಯಿ ಮುಚ್ಚಿ, ದರ ಬರುವ ತನಕ ವರ್ಷಗಟ್ಟಲೆ ಕಾದು ಕೂತ ಪರಂಪರೆಯವರು. ಬಿಸಿಲೇರುವುದರೊಳಗೆ ಬೆಲೆ ಕಳೆದುಕೊಳ್ಳುವ ಸರಕನ್ನು ಕಂಡು, ಮೀನಿಗಿಂತ ಹೆಚ್ಚಾಗಿ ಮಾರುವವನ ಮೇಲೆ ಕನಿಕರಪಟ್ಟರು.

ಆಮೇಲೆ ಪ್ರಶ್ನೆಗಳು. ಐಸು ಎಷ್ಟು ಹೊತ್ತು ತಡೀತೈತಿ? ಕಮಿಷನ್ ಯಾರದು? ಡೀಸೆಲ್ ಖರ್ಚು ಯಾರ ತಲಿಗೆ? ಬೋಟು ನಡೆಸುವ ತಂಡೇಲನೊಬ್ಬ ಬೀಡಿ ಹಚ್ಚಿಕೊಂಡು ತಾಳ್ಮೆಯಿಂದ ಉತ್ತರಿಸಿದ. ಜೂನ್, ಜುಲೈ ಎರಡು ತಿಂಗಳು ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಮೀನು ಮರಿ ಮಾಡುವ ಕಾಲ, ಸರ್ಕಾರದ್ದೇ ನಿಷೇಧ ಉಂಟು ಎಂದ. ಕಾಕಾನ ಮುಖ ಅರಳಿತು. ಮಳೆಗಾಲದಲ್ಲಿ ಕ್ರಿಮಿಕೀಟ ಸಾಯಬಾರದೆಂದು ಒಂದೇ ಊರಲ್ಲಿ ನಿಲ್ಲುವ ಮುನಿಗಳು ನೆನಪಾಗಿರಬೇಕು. ಸೂರ್ಯ ಐಸ್ ಪ್ಲಾಂಟಿನ ಹಿಂದಿನಿಂದ ಆಗಲೇ ಮೇಲೆ ಬಂದಿದ್ದ. ಅತ್ತ ತಿರುಗಿಯೂ ನೋಡದೆ ಓಡೋಡಿ ಬಂದು ಗಾಡಿಯ ಗಾಜು ತಟ್ಟಿದರು.

"ಏ, ಕೇಳಿಲ್ಲಿ! ಇವರಿಗೂ ಚಾತುರ್ಮಾಸ ಐತಿ!"

ಕಾಕಿ ಗಾಜನ್ನು ಎರಡೇ ಬೆರಳು ಇಳಿಸಿದರು. "ಉಳದ ಹತ್ತು ತಿಂಗಳು?"

ಕಾಕಾ ಟವೆಲ್ಲನ್ನು ಮತ್ತೆ ಮೂಗಿಗೆ ಏರಿಸಿ, "ಲಗೂನ ನಡಿಯೋ, ಬಿಸಿಲೇರಿದ್ರ ಕಾರ್ಕಳದ ಗುಡ್ಡ ಹತ್ತಾಕ ಆಗೂದಿಲ್ಲ" ಎಂದು ಡ್ರೈವರನನ್ನು ಕೂಗಿದರು. ಅವನು ಬಂಗುಡೆಗೆ ಚೌಕಾಸಿ ಮಾಡುತ್ತಿದ್ದ.