ಅಂಗಳದ ಹೆಗಡೇರು

ಶಿರಸಿ, ಸಾಗರದ ಕಡೆ ಊರಿಗೊಬ್ಬರಾದರೂ ಇಂಥ ಹೆಗಡೇರು ಇರುತ್ತಾರೆ. ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದ ದಿನದಿಂದ ಅವರ ಪಾಲಿಗೆ ಮನೆಯೆಂಬುದು ಅಂಗಳದ ಅಂಚಿಗಿರುವ ಒಂದು ಕಟ್ಟಡ, ಅಷ್ಟೆ.

ನಮ್ಮೂರಿನವರನ್ನೇ ನೋಡಿ. 7 ದಿನ ನೀರುಣಿಸಿದರೆ ಸಾಕೆಂದು ಮೇಸ್ತ್ರಿ ಹೇಳಿ ಹೋದ. ಇವರು ಗೋಣಿಚೀಲ ಹಾಸಿ 21 ದಿನ ನೆನೆಸಿದರು. "ಕಾಂಕ್ರೀಟು ಒಣಗಿ ಗಟ್ಟಿಯಾಗ್ತದೆ ಅಂದ್ಕೊಂಡ್ರಾ? ನೀರು ಕುಡಿದು ಗಟ್ಟಿಯಾಗೋದು ಮಾರಾಯ್ರೆ!" ಎಂದು ದಾರಿಹೋಕರಿಗೂ ಪಾಠ. ಮಾತು ಸುಳ್ಳಲ್ಲ, ಸಿಮೆಂಟು ನೀರಿನೊಡನೆ ಕೂಡಿಯೇ ಬಲಗೊಳ್ಳುವುದು. ಆದರೆ ನಡುರಾತ್ರಿ ಟಾರ್ಚ್ ಹಿಡಿದು ಚೀಲ ಮುಟ್ಟಿ ನೋಡಬೇಕೆಂದು ಯಾವ ಎಂಜಿನಿಯರೂ ಹೇಳಿಲ್ಲ. "ಮಗ ತೊಟ್ಟಿಲಲ್ಲಿ ಅತ್ತಾಗ ಒಂದಿನ ಎದ್ದವರಲ್ಲ" ಎಂದು ಮನೆಯಾಕೆ ಒಳಗಿನಿಂದಲೇ ಹೇಳುತ್ತಾರೆ.

ಮಳೆಗಾಲದಲ್ಲಿ ಉಳಿದವರು ಪಾಚಿಯ ಮೇಲೆ ಅಡಿಕೆ ದಬ್ಬೆ ಹಾಸಿ ನಿಶ್ಚಿಂತೆಯಿಂದ ಓಡಾಡುತ್ತಾರೆ. ಹೆಗಡೇರು ಮಾತ್ರ ಕಂಬಳಿಕೊಪ್ಪೆ ಹಾಕಿಕೊಂಡು, ಬ್ಲೀಚಿಂಗ್ ಪುಡಿ ಎರಚಿ ಉಜ್ಜುತ್ತಿರುತ್ತಾರೆ. ಅಪ್ಪನ ಸೊಂಟ ನೋಡಲಾಗದೆ ಮಗ ಬೆಂಗಳೂರಿನಿಂದ ಪ್ರೆಶರ್ ವಾಷರ್ ತಂದುಕೊಟ್ಟ. ಇವರು ಅದರ ಮೂತಿಯನ್ನು ನೆಲಕ್ಕೇ ಒತ್ತಿ ಹಿಡಿದರು. ಅಂಗಳ ಬೆಳ್ಳಗಾಯಿತು, ಮೇಲಿನ ನಯವಾದ ಸಿಮೆಂಟೂ ಕಿತ್ತುಹೋಗಿ ಮರಳು ಎದ್ದಿತು. ಆ ತರಿಯಲ್ಲಿ ಮುಂದಿನ ವರ್ಷ ಪಾಚಿ ಇನ್ನಷ್ಟು ಭದ್ರವಾಗಿ ಬೇರೂರಿತು. "ಈಗಿನ ಪಾಚಿ ಮೊದಲಿನ ಹಾಗಲ್ಲ" ಎಂದರು ಹೆಗಡೇರು.

ನೆಂಟರ ಕಾರು ಬಂದರೆ ಬಾಯಿ "ಬನ್ನಿ, ಬನ್ನಿ" ಎನ್ನುತ್ತದೆ, ಕಣ್ಣು ಎಂಜಿನ್ನಿನ ಅಡಿಗೆ ಹೋಗುತ್ತದೆ. ಕುಡಿಯಲು ಆಸರಿಗೆ ಬರುವ ಮೊದಲು ಆಯಿಲ್ ಹೀರಲು ಮರದ ಹೊಟ್ಟು ಬರುತ್ತದೆ.

ಇಷ್ಟಕ್ಕೂ ಅಂಗಳ ಮಾಡಿಸಿದ್ದು ಅಡಿಕೆ ಒಣಗಿಸಲಿಕ್ಕೆ. ಆದರೆ ಬೇಯಿಸಿದ ಅಡಿಕೆ ಹರಡಿದರೆ ಚೊಗರಿನ ಕಲೆ ಹೋಗುವುದಿಲ್ಲ. ಬೇಯಿಸದೆ ಒಣಗಿಸುವ ಚಾಲಿ ಹರಡಿದರೆ ಒಂದೂವರೆ ತಿಂಗಳು ಅಂಗಳವೇ ಕಾಣುವುದಿಲ್ಲ! ಹೀಗಾಗಿ ಹೋದ ಕೊಯ್ಲಿನ ಅಡಿಕೆಯೆಲ್ಲ ಪಕ್ಕದ ಮನೆಯ ಸಗಣಿ ಸಾರಿಸಿದ ಮಣ್ಣಂಗಳದಲ್ಲಿ ಒಣಗಿತು. ಈಗ ಆ ಮನೆಯವರೂ ಕಾಂಕ್ರೀಟ್ ಹಾಕಿಸುವ ಯೋಚನೆಯಲ್ಲಿದ್ದಾರೆ. ಹೆಗಡೇರು ದಿನಾ ಸಂಜೆ ಅಲ್ಲಿಗೆ ಹೋಗಿ ಕೂರುತ್ತಾರೆ: "ಮಣ್ಣಿನ ಅಂಗಳದ ಸುಖ ಯಾವುದರಲ್ಲೂ ಇಲ್ಲ ಮಾರಾಯ್ರೆ. ಕಾಂಕ್ರೀಟಿನ ಸಹವಾಸ ನಿಮಗ್ಯಾಕೆ?"