ಹುಬ್ಬಿನ ಕೂದಲೋ, ಕರುಳಿನ ಚುರುಕೋ: ಪ್ರವಾಸಿ ಪೋರ್ಟ್ರೇಟ್ ಮೀಮಾಂಸೆ

ವಿಷಯ

ಪ್ರವಾಸಕ್ಕೆ ಹೋದವನು ಗುರುತುಪರಿಚಯವಿಲ್ಲದ ಮನುಷ್ಯನೊಬ್ಬನ ಮುಖವನ್ನು, ಆ ಮನುಷ್ಯನಿಗೆ ಗೊತ್ತಾಗುವ ಮೊದಲೇ ತೆಗೆದುಕೊಂಡು ಬರುವುದಕ್ಕೆ ಕ್ಯಾಂಡಿಡ್ ಟ್ರಾವೆಲ್ ಪೋರ್ಟ್ರೇಟ್ ಎಂದು ಹೆಸರು. ಲಕ್ಷಣದಲ್ಲಿ ‘ಮುಖ’ ಎಂಬ ಮಾತನ್ನು ಬಿಟ್ಟರೆ ಅದು ಜೇಬುಗಳ್ಳತನಕ್ಕೂ ಅನ್ವಯಿಸುತ್ತದೆ. ಆ ಅತಿವ್ಯಾಪ್ತಿ ದೋಷವನ್ನು ನಿವಾರಿಸಲೆಂದೇ ಹಿಂದಿನವರು ಅದನ್ನು ಸೇರಿಸಿದ್ದಾರೆ.

ಇಂಥ ಚಿತ್ರಕ್ಕೆ ಅಂಗಗಳು ಏಳು: ಮುದುಕ, ಮುಂಡಾಸು, ಸುಕ್ಕು, ಬೀಡಿಯ ಹೊಗೆ, ಪಕ್ಕದಿಂದ ಬೀಳುವ ಬೆಳಕು, ಕರಗಿಹೋದ ಹಿನ್ನೆಲೆ ಮತ್ತು ಒಂದು ಟೈಟಲ್. ಮುದುಕ ಸಿಗದ ಊರಿನಲ್ಲಿ ಮೂಗು ಸೋರುವ ಮಗುವನ್ನು ಪ್ರತಿನಿಧಿಯಾಗಿ ಬಳಸಬಹುದು. ಸೋಮಲತೆ ಸಿಗದಿದ್ದರೆ ಪೂತಿಕದಿಂದ ಯಾಗ ಮುಗಿಸಬಹುದೆಂದು ಮೀಮಾಂಸಕರೇ ಒಪ್ಪಿರುವುದರಿಂದ ಇದರಲ್ಲಿ ಬಾಧಕವಿಲ್ಲ. ಆದರೆ ಟೈ ಕಟ್ಟಿದ ಬ್ಯಾಂಕ್ ಮ್ಯಾನೇಜರನಿಗೆ ಈ ಅಧಿಕಾರವಿಲ್ಲ. ಅವನ ಮುಖದಲ್ಲೂ ದುಃಖವಿದೆ, ನಿಜ. ಅದು ವರ್ಷಾಂತ್ಯದ ಟಾರ್ಗೆಟ್ಟಿನ ದುಃಖ. ಅದಕ್ಕೆ ರಸಪದವಿ ದೊರೆತಿಲ್ಲ.

ಪುಣ್ಯಕ್ಷೇತ್ರಗಳು: ಕಾರ್ತಿಕದ ಪುಷ್ಕರ, ಹನ್ನೆರಡು ತಿಂಗಳೂ ವಾರಾಣಸಿ. ದೂರ ಹೋಗಲಾಗದವರಿಗೆ ಬೈಲುಕುಪ್ಪೆಯ ಮರಿಸನ್ಯಾಸಿಗಳು, ಕೆ.ಆರ್. ಮಾರ್ಕೆಟ್ಟಿನ ಹೂವಿನವರು, ಹಂಪಿಯ ತೆಪ್ಪದವರು.

ಸಂಶಯ

ಹೀಗೆ ತಂದ ಮುಖದಲ್ಲಿ ಮುಖ್ಯವಾದದ್ದು ಯಾವುದು? ಹುಬ್ಬಿನ ಕೂದಲನ್ನು ಒಂದೊಂದಾಗಿ ಎಣಿಸುವಂತಿರಬೇಕೋ, ನೋಡಿದವನ ಕರುಳು ಚುರುಕ್ ಎನ್ನಬೇಕೋ? ಎರಡೂ ಇರಲಿ ಎನ್ನುವವರು ಕ್ಯಾಮೆರಾ ಹಿಡಿದವರಲ್ಲ. ಕರುಳು ಚುರುಕ್ ಎನ್ನುವ ಗಳಿಗೆಯಲ್ಲಿ ಕ್ಯಾಮೆರಾ ಹಿಂದಿನ ಗೋಡೆಯ ಸಿನಿಮಾ ಪೋಸ್ಟರಿಗೆ ಫೋಕಸ್ ಮಾಡಿಕೊಂಡಿರುತ್ತದೆ. ಫೋಕಸ್ ಸರಿಹೋಗುವ ಹೊತ್ತಿಗೆ ಮುದುಕ ಎದ್ದು ಹೋಗಿರುತ್ತಾನೆ.

ಪೂರ್ವಪಕ್ಷ: ತೀಕ್ಷ್ಣವಾದಿಗಳು

ಇವರ ಮೂಲಮಂತ್ರ, ಲೆನ್ಸ್ ಎಷ್ಟು ಮಿಲಿಮೀಟರೋ ಶಟರ್ ಸ್ಪೀಡ್ ಸೆಕೆಂಡಿನ ಅಷ್ಟನೇ ಒಂದು ಪಾಲಾದರೂ ಇರಬೇಕು ಎಂಬುದು. 200 ಎಂಎಂ ಲೆನ್ಸಿಗೆ 1/200. ಈ ಮಂತ್ರ ತೆಗೆಯುವವನ ಕೈನಡುಕವನ್ನಷ್ಟೇ ಕಾಯುತ್ತದೆ. ಎದುರಿನವನು ಫಕ್ಕನೆ ನಕ್ಕರೆ ಕಾಯುವುದಿಲ್ಲ. ಆದ್ದರಿಂದ ಈ ಪಂಥದ ಚಿತ್ರಗಳಲ್ಲಿ ಯಾರೂ ನಗುವುದಿಲ್ಲ.

ಎರಡನೆಯ ವಿಧಿ, ಲೆನ್ಸಿಗೆ ಹತ್ತಿರವಿರುವ ಕಣ್ಣು ಶಾರ್ಪ್ ಆಗಿರತಕ್ಕದ್ದು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಎಂಎಂ ಲೆನ್ಸನ್ನು ಎಫ್ 1.4ಕ್ಕೆ ತೆರೆದು, ಒಂದೂವರೆ ಮೀಟರ್ ದೂರದಿಂದ ಹೊಡೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಎರಡೂವರೆ ಸೆಂಟಿಮೀಟರ್. ಅಷ್ಟರಲ್ಲಿ ಕಣ್ಣಿಗೆ ಮೋಕ್ಷ. ಮೂಗಿನ ತುದಿ ಮತ್ತು ಕಿವಿಗೆ ಪುನರ್ಜನ್ಮ. ಹಿಂದೆ ಈ ಕಣ್ಣನ್ನು ಹಿಡಿಯಲು ವರ್ಷಗಟ್ಟಲೆ ತಪಸ್ಸು ಬೇಕಿತ್ತು. ಈಗಿನ ಕ್ಯಾಮೆರಾ ತಾನೇ ಹುಡುಕಿ ಹಿಡಿಯುತ್ತದೆ, ತಲೆ ತಿರುಗಿಸಿದರೂ ಬಿಡುವುದಿಲ್ಲ. ಆ ತಪಸ್ಸಿನ ಪುಣ್ಯ ಕಂತಿನ ಮೇಲೆ ಸಿಗುವಂತಾದ ದಿನದಿಂದ ತೀಕ್ಷ್ಣವಾದಿಗಳು ಕೊಂಚ ಮಂಕಾಗಿದ್ದಾರೆ.

ಇವರ ಧರ್ಮಪೀಠ ಸಲೂನ್, ಎಂದರೆ ಛಾಯಾಚಿತ್ರ ಸ್ಪರ್ಧೆ. ಇಲ್ಲಿ ಅಕ್ಸೆಪ್ಟೆನ್ಸುಗಳನ್ನು, ಎಂದರೆ ಆಯ್ಕೆಯಾದ ಚಿತ್ರಗಳನ್ನು, ಎಣಿಸಿ ಎಎಫ್‌ಐಎಪಿ, ಇಎಫ್‌ಐಎಪಿ ಮುಂತಾದ ಬಿರುದುಗಳನ್ನು ಗಳಿಸುವ ಕ್ರಮವಿದೆ. ಚಿತ್ರವೊಂದು ಪರದೆಯ ಮೇಲೆ ನಿಲ್ಲುವ ಕೆಲವೇ ಸೆಕೆಂಡುಗಳಲ್ಲಿ ಜಡ್ಜ್ ಆದವನಿಗೆ ಮೊದಲು ಕಾಣುವುದು ಅಳುತ್ತಿರುವ ತಾಯಿಯಲ್ಲ, ಬಲಮೂಲೆಯ ಪ್ಲಾಸ್ಟಿಕ್ ಬಿಂದಿಗೆ. ‘ಎಕ್ಸ್‌ಪ್ರೆಶನ್ ಚೆನ್ನಾಗಿದೆ, ಬಿಂದಿಗೆ ಡಿಸ್ಟರ್ಬ್ ಮಾಡ್ತಿದೆ’ ಎಂಬುದು ಈ ಪೀಠದ ಸನಾತನ ತೀರ್ಪು. ಆಕೆ ಅಳುತ್ತಿರುವುದು ಆ ಬಿಂದಿಗೆ ಖಾಲಿಯಿದೆ ಎಂದೇ ಇರಬಹುದು ಎಂಬ ಶಂಕೆಗೆ ಇಲ್ಲಿ ಅವಕಾಶವಿಲ್ಲ.

ಉತ್ತರಪಕ್ಷ: ಭಾವವಾದಿಗಳು

ಇವರಿಗೆ ಪ್ರಮಾಣ ಗುರುಪರಂಪರೆ. ಆದ್ಯಾಚಾರ್ಯೆ 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. ನಲವತ್ತೆಂಟನೆಯ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದ ಈಕೆಯ ಮುಖಚಿತ್ರಗಳು ಮಸುಕು ಮಸುಕು ಎಂದು ಅಂದಿನ ವಿಮರ್ಶಕರು ಹಲುಬಿದರು. ಯಾವ ಫೋಕಸ್ ಸರಿ ಎಂದು ಹೇಳುವ ಅಧಿಕಾರ ಯಾರಿಗಿದೆಯೆಂದು ಈಕೆ ಖಗೋಳವಿಜ್ಞಾನಿ ಜಾನ್ ಹರ್ಷೆಲ್‌ಗೆ ಪತ್ರ ಬರೆದು ಕೇಳಿದಳು. ಮುಂದೆ ಸಿಲೋನಿಗೆ ಹೋಗಿ ಅಲ್ಲಿಯ ತೋಟದ ಕೆಲಸಗಾರರ ಚಿತ್ರಗಳನ್ನೂ ತೆಗೆದಳು.

ಎರಡನೆಯ ಆಚಾರ್ಯ ಆನ್ರಿ ಕಾರ್ಟಿಯೇ ಬ್ರೆಸಾನ್. 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲುನಿಲ್ದಾಣದ ಹಿಂದೆ ಬೇಲಿಯ ಸಂದಿಯಲ್ಲಿ ಲೆನ್ಸ್ ಇಟ್ಟು ಹಿಡಿದ ನೀರು ದಾಟುವವನ ಚಿತ್ರ ಸ್ಪಷ್ಟವಾಗಿಯೇನೂ ಇಲ್ಲ. ಸಾಲದ್ದಕ್ಕೆ, ಕ್ರಾಪ್ ಮಾಡುವುದನ್ನೇ ಒಪ್ಪದ ಆಚಾರ್ಯರು ಅದನ್ನು ಕ್ರಾಪ್ ಮಾಡಿದ್ದಾರೆ. ಮೂರನೆಯವನು ರಾಬರ್ಟ್ ಕಾಪಾ. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ದಂಡೆಯಲ್ಲಿ ಗುಂಡಿನ ಮಳೆಯ ನಡುವೆ ತೆಗೆದ ಚಿತ್ರಗಳು ಅಲುಗಿದ್ದವು. ಕಾಪಾ 1947ರಲ್ಲಿ ತನ್ನ ಆತ್ಮಕಥನಕ್ಕೆ ‘ಸ್ಲೈಟ್ಲಿ ಔಟ್ ಆಫ್ ಫೋಕಸ್’ ಎಂದೇ ಹೆಸರಿಟ್ಟು ಆಕ್ಷೇಪವನ್ನು ಬಿರುದಾಗಿ ಧರಿಸಿದ.

ಇದರಿಂದ ಭಾವವಾದಿಗಳು ಹೂಡುವ ಅನುಮಾನ ಹೀಗಿದೆ: ಮಹಾಚಿತ್ರಗಳು ಅಲುಗಿವೆ, ನನ್ನದೂ ಅಲುಗಿದೆ, ಆದ್ದರಿಂದ. ಈ ಹೇತುವನ್ನು ಒಪ್ಪಿದರೆ ಮದುವೆ ಮನೆಯಲ್ಲಿ ಚಿಕ್ಕಪ್ಪ ಮೊಬೈಲಿನಲ್ಲಿ ತೆಗೆದ ಧಾರೆಯ ಚಿತ್ರಗಳೆಲ್ಲ ಮಹಾಚಿತ್ರಗಳಾಗುತ್ತವೆ. ಇದು ಚಿಕ್ಕಪ್ಪನಿಗೆ ಇಷ್ಟ, ಶಾಸ್ತ್ರಕ್ಕೆ ಅನಿಷ್ಟ. ಆದ್ದರಿಂದ ಕ್ಷಮಾಸೂತ್ರವೊಂದನ್ನು ಸೇರಿಸಬೇಕಾಗಿದೆ: ಚಿತ್ರ ಅಲುಗಿದ್ದಕ್ಕೆ ದೊರೆಯುವ ಕ್ಷಮೆಯು, ತೆಗೆದವನು ಸಾವಿಗೆ ಎಷ್ಟು ಹತ್ತಿರದಲ್ಲಿದ್ದ ಎಂಬುದನ್ನು ಅವಲಂಬಿಸಿರುತ್ತದೆ. ಒಮಾಹಾ ದಂಡೆಗೆ ಪೂರ್ಣ ಕ್ಷಮೆ. ಜಂಬೂಸವಾರಿಯ ನೂಕುನುಗ್ಗಲಿಗೆ ಅರ್ಧ. ರೆಸಾರ್ಟಿನ ಬಾಲ್ಕನಿಗೆ ಏನೂ ಇಲ್ಲ.

ರಸವಿಚಾರ

ಇನ್ನು ಭಾವ ಇರುವುದಾದರೂ ಎಲ್ಲಿ? ವಿಭಾವ, ಅನುಭಾವ, ವ್ಯಭಿಚಾರಿಭಾವಗಳ ಸಂಯೋಗದಿಂದ ರಸ ಹುಟ್ಟುತ್ತದೆಂದು ಭರತಮುನಿ ಹೇಳಿದ್ದಾನೆ. ಪ್ರಸ್ತುತ ಪ್ರಸಂಗದಲ್ಲಿ ಆಲಂಬನ ವಿಭಾವ ಮುದುಕ, ಉದ್ದೀಪನ ವಿಭಾವ ಸಂಜೆ ಬೆಳಕು, ಅನುಭಾವ ಗಂಟಿಕ್ಕಿದ ಹುಬ್ಬು. ಬ್ಯಾಟರಿ ಮುಗಿಯುತ್ತಿದೆ ಎಂಬ ಚಿಂತೆ ವ್ಯಭಿಚಾರಿ. ಅದು ಮಾತ್ರ ಮುದುಕನದಲ್ಲ.

ರಸ ಇರುವುದು ಮೂಲಪಾತ್ರದಲ್ಲಿ ಎಂದು ಭರತನ ವ್ಯಾಖ್ಯಾನಕಾರ ಭಟ್ಟಲೊಲ್ಲಟ. ಹಾಗಾದರೆ ಮುದುಕ ಶೋಕದಲ್ಲಿರಬೇಕು. ವಿಚಾರಿಸಿದರೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎನ್ನುತ್ತಾನೆ. ಇನ್ನೊಬ್ಬ ವ್ಯಾಖ್ಯಾನಕಾರ ಶಂಕುಕನು ರಸವನ್ನು ಅನುಮಾನದಿಂದ ತಿಳಿಯಬೇಕೆಂದು ಹೇಳಿ ಚಿತ್ರದ ಕುದುರೆಯ ಉದಾಹರಣೆ ಕೊಟ್ಟ: ಅದನ್ನು ಕಂಡಾಗ ಆಗುವ ತಿಳಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಹೋಲಿಕೆಯೂ ಅಲ್ಲ. ಶಂಕುಕನ ಪುಣ್ಯ, ಕುದುರೆ ಬಂದು ಸಾಕ್ಷಿ ಹೇಳಲಿಲ್ಲ. ನಮ್ಮ ಕಾಲದಲ್ಲಿ ಹೇಳಿದೆ.

ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ 1985ರ ಜೂನ್ ಮುಖಪುಟವನ್ನು ನೆನೆಯಿರಿ. 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್‌ಕರಿ ತೆಗೆದ ಹಸಿರುಗಣ್ಣಿನ ಅಫ್ಘನ್ ಹುಡುಗಿ. ಹುಡುಗಿ ನೇರ ಲೆನ್ಸಿಗೇ ನೋಡುತ್ತಿರುವುದರಿಂದ ಇದು ಕ್ಯಾಂಡಿಡ್ ಅಲ್ಲ. ಆದರೂ ಎರಡು ಪಂಥದವರೂ ನಮ್ಮದು ಎನ್ನುತ್ತಾರೆ. ಕೊಡಾಕ್ರೋಮ್ ಫಿಲ್ಮು, 105 ಎಂಎಂ ಲೆನ್ಸು, ರೆಪ್ಪೆ ರೆಪ್ಪೆಯೂ ಶಾರ್ಪ್ ಎಂದು ತೀಕ್ಷ್ಣವಾದಿಗಳು. ಆ ಕಣ್ಣಿನಲ್ಲಿ ಇಡೀ ಯುದ್ಧವಿದೆ ಎಂದು ಭಾವವಾದಿಗಳು. 2002ರಲ್ಲಿ ಆಕೆಯನ್ನು ಹುಡುಕಿ ಮಾತಾಡಿಸಿದಾಗ ಆಕೆಗೆ ಆ ಗಳಿಗೆ ಚೆನ್ನಾಗಿ ನೆನಪಿತ್ತು. ಹಿಂದೆಂದೂ ಯಾರೂ ಆಕೆಯ ಫೋಟೊ ತೆಗೆದಿರಲಿಲ್ಲ. ಯಾರೋ ಅಪರಿಚಿತ ಬಂದು ತೆಗೆದನೆಂದು ಆಕೆಗೆ ಸಿಟ್ಟು ಬಂದಿತ್ತು. ಕಣ್ಣಿನಲ್ಲಿ ಹೊಗೆ ಕಂಡು ಜಗತ್ತು ಯುದ್ಧದ ಬೆಂಕಿಯನ್ನು ಊಹಿಸಿತು. ಕಿಡಿ ಹಚ್ಚಿದವರಲ್ಲಿ ಕ್ಯಾಮೆರಾವೂ ಒಂದು. ತರ್ಕಶಾಸ್ತ್ರದಲ್ಲಿ ಇದಕ್ಕೆ ಹೇತ್ವಾಭಾಸವೆಂದೂ ಸಲೂನಿನಲ್ಲಿ ಇಂಪ್ಯಾಕ್ಟ್ ಎಂದೂ ಹೆಸರು.

ಉಳಿದದ್ದು ಭಟ್ಟನಾಯಕನ ಸಾಧಾರಣೀಕರಣ. ರಂಗದ ಮೇಲಿನ ರಾಮ ಅಯೋಧ್ಯೆಯ ರಾಮನಾಗಿ ಉಳಿಯದೆ ಎಲ್ಲರ ವಿರಹವಾಗುತ್ತಾನೆ. ಪ್ರವಾಸಿ ಪೋರ್ಟ್ರೇಟಿನಲ್ಲಿ ಈ ವ್ಯಾಪಾರ ಬಲು ಚೊಕ್ಕವಾಗಿ ನಡೆಯುತ್ತದೆ. ಮುದುಕ ತನ್ನ ಹೆಸರು, ಊರು, ಮಂಡಿನೋವುಗಳನ್ನೆಲ್ಲ ಕಳಚಿ ‘ನಿರೀಕ್ಷೆ’, ‘ಅನುಭವದ ರೇಖೆಗಳು’ ಅಥವಾ ‘ಕಾಲ’ ಆಗುತ್ತಾನೆ. ಒಂದೇ ವ್ಯತ್ಯಾಸ: ನಾಟಕ ಮುಗಿದ ಮೇಲೆ ರಾಮನಿಗೆ ತನ್ನ ಹೆಸರು ವಾಪಸ್ಸು ಸಿಗುತ್ತದೆ. ಆ ಹುಡುಗಿಗೆ ಹದಿನೇಳು ವರ್ಷ ಬೇಕಾಯಿತು. ಪುಷ್ಕರದ ಮುದುಕ ಇನ್ನೂ ಕಾಯುತ್ತಿದ್ದಾನೆ. ‘ನಿರೀಕ್ಷೆ’ ಎಂಬ ಟೈಟಲ್ ಆ ಮಟ್ಟಿಗೆ ಯಥಾರ್ಥ.

ಸಹಜತೆಯ ಕೂಲಿ

ಶ್ರೀಲಂಕಾದ ಕೊಗ್ಗಲದಲ್ಲಿ ಸಮುದ್ರಕ್ಕೆ ನೆಟ್ಟ ಕೋಲಿನ ಮೇಲೆ ಕೂತು ಮೀನು ಹಿಡಿಯುವವರಿದ್ದಾರೆ. ಈಗ ಅವರಲ್ಲಿ ಅನೇಕರಿಗೆ ಮೀನಿಗಿಂತ ಹೆಚ್ಚಾಗಿ ಸಿಕ್ಕಿಬೀಳುವುದು ಪ್ರವಾಸಿಗರು. ಚೀನಾದ ಲೀ ನದಿಯಲ್ಲಿ ನೀರುಕಾಗೆ ಹಿಡಿದು ಬಿದಿರ ತೆಪ್ಪದ ಮೇಲೆ ನಿಂತ ಬಿಳಿಗಡ್ಡದ ಮುದುಕರು ಲಾಂದ್ರ ಹೊತ್ತಿಸುವುದು ಫೋಟೊಗ್ರಾಫರುಗಳಿಗಾಗಿ. ಹೇಳಿಸಿ ಮಾಡಿಸಿದ, ಕೂಲಿ ಕೊಟ್ಟು ಕರೆಸಿದ ದೃಶ್ಯ ಟ್ರಾವೆಲ್ ವಿಭಾಗಕ್ಕೆ ಸಲ್ಲದೆಂದು ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿಯ ನಿಯಮ. ಇದಕ್ಕೆ ನಮ್ಮ ಪಂಡಿತರ ವ್ಯಾಖ್ಯಾನ: ಕರೆಸಿದ್ದಲ್ಲ, ಅವನೇ ಬಂದು ಕೂತಿದ್ದ, ಕೊಟ್ಟದ್ದು ಕೂಲಿಯಲ್ಲ, ದಾನ, ಹೇಳಿಸಿದ್ದೂ ಅಲ್ಲ, ‘ಸ್ವಲ್ಪ ಎಡಕ್ಕೆ’ ಎಂದದ್ದು ಪ್ರಾರ್ಥನೆ.

ಇಲ್ಲಿಗೆ ಜಗಳದ ಬುಡ ಕಾಣುತ್ತದೆ. ಸುಕ್ಕು ಇಷ್ಟು, ಹೊಗೆ ಇಷ್ಟು, ದೃಷ್ಟಿ ದೂರಕ್ಕೆ ಎಂದು ಲೆಕ್ಕ ಹಾಕಿ ಭಾವವನ್ನು ಅಳವಡಿಸುವ ವಿದ್ಯೆ ಶಟರ್ ಸ್ಪೀಡಿಗಿಂತ ಪಕ್ಕಾ ಆಗಿದೆ. ಭಾವವಾದಿಗಳೇ ಇಂದಿನ ನಿಜವಾದ ಟೆಕ್ನೀಷಿಯನ್ನರು.

ನಿರ್ಣಯ

ಎರಡೂ ಪಕ್ಷಗಳು ಮೂರನೆಯವನ ಆಸ್ತಿಯಲ್ಲಿ ಪಾಲು ಕೇಳುತ್ತಿರುವುದರಿಂದ ದಾವೆ ವಜಾ. ಪೂರ್ವೋದಾಹರಣೆಯಾಗಿ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರನ್ನು ನೋಡಬಹುದು. ತಮ್ಮ ಪಾಡಿಗೆ ತಾವು ಬದುಕುತ್ತಿದ್ದ ಸಾಮಾನ್ಯರೇ ಅವರ ವಿಷಯ. ಅವರು ತೆಗೆದ ಮಕ್ಕಳ ಚಿತ್ರಗಳು ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ಮಕ್ಕಳು ‘ಕಾಲ’ವನ್ನೋ ‘ನಿರೀಕ್ಷೆ’ಯನ್ನೋ ಹೊರಬೇಕಿರಲಿಲ್ಲ, ಮಕ್ಕಳಾಗಿದ್ದರೆ ಸಾಕಿತ್ತು.

ಆದ್ದರಿಂದ ವಿಧಿ: ಚಿತ್ರದ ಕೆಳಗೆ ಕ್ಯಾಮೆರಾ, ಲೆನ್ಸ್, ಅಪರ್ಚರ್, ಐಎಸ್‌ಒ ಬರೆಯುವಲ್ಲಿ ಇನ್ನೊಂದು ಕಲಂ ಇರತಕ್ಕದ್ದು: ‘ಚಿತ್ರದಲ್ಲಿರುವವರು ಆಗ ಏನು ಯೋಚಿಸುತ್ತಿದ್ದರು? ಕೇಳಿ ಬರೆಯಿರಿ.’

ಆಕ್ಷೇಪ: ಕೇಳಿದರೆ ಕ್ಯಾಂಡಿಡ್ ಕೆಡುತ್ತದೆ. ಸಮಾಧಾನ: ಕ್ಲಿಕ್ಕಿಸಿದ ಮೇಲೆ ಕೇಳುವುದು. ಆಕ್ಷೇಪ: ಭಾಷೆ ಬಾರದು. ಸಮಾಧಾನ: ಗೈಡಿಗೆ ಊಟ ಹಾಕಿಸುವುದು ಇನ್ನೇತಕ್ಕೆ? ಆಕ್ಷೇಪ: ‘ಈ ಬ್ಯಾಗಿನವನು ಅಡ್ಡ ನಿಂತಿದ್ದಾನೆ, ಬಸ್ಸು ಕಾಣುತ್ತಿಲ್ಲ’ ಎಂದು ಉತ್ತರ ಬಂದರೆ ಟೈಟಲ್ಲಿನ ಗತಿ? ಸಮಾಧಾನ: ಅದೇ ಟೈಟಲ್.

ಫಲಶ್ರುತಿ

ಈ ಪ್ರಬಂಧವನ್ನು ಬೆಳಿಗ್ಗೆ ಓದಿದವರ ಲೆನ್ಸಿಗೆ ಫಂಗಸ್ ಹಿಡಿಯದು. ಸಂಜೆ ಓದಿದವರ ಮೆಮೊರಿ ಕಾರ್ಡ್ ಕರಪ್ಟ್ ಆಗದು. ಪ್ರವಾಸಕ್ಕೆ ಮೊದಲು ಓದಿದವರಿಗೆ ಮುಂಡಾಸಿನ ಮುದುಕರು ತಾವಾಗಿಯೇ ಬೆಳಕಿಗೆ ಬಂದು ಕೂರುವರು. ಓದಿ ಅರ್ಥ ಮಾಡಿಕೊಂಡವರು ಮಾತ್ರ ಮುದುಕನ ಪಕ್ಕ ಚಹಾ ಕುಡಿಯುತ್ತ ಮಾತಿಗೆ ಕೂತು, ಬೆಳಕನ್ನೂ ಅಕ್ಸೆಪ್ಟೆನ್ಸನ್ನೂ ಕಳೆದುಕೊಳ್ಳುವರು. ಅಂಥವರಿಗೆ ಈ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತ ಹೇಳಿಲ್ಲ.