ಮೇಲಿಂದೆಷ್ಟು, ಕೆಳಗಿಂದೆಷ್ಟು?

ಮದುವೆ ಮನೆಯಲ್ಲಿ ಎಲೆ ಹಾಕುವ ತನಕ ಹಿರಿಯರು ಆಡುವ ಮಾತಿಗೊಂದು ಕ್ರಮವಿದೆ. ಮೊದಲು ಮಂಡಿನೋವು, ಆಮೇಲೆ ಶುಗರು, ಕೊನೆಗೆ ಬಿಪಿ. "ನಂದು 138, ಕೆಳಗಿಂದು 86 ಕಣ್ರೀ" ಅನ್ನುವ ಧಾಟಿ ಕೇಳಿದರೆ ಮೊಮ್ಮಗನ ಎಸ್ಸೆಸ್ಸೆಲ್ಸಿ ಅಂಕ ಹೇಳುತ್ತಿದ್ದಾರೇನೋ ಅನ್ನಿಸಬೇಕು. ಕೊನೆಯ ಆ ಎಂಟು, ಆ ಆರರ ಮೇಲೆ ಎಂಥ ನಂಬಿಕೆ!

ಬೇಜಾರು ಮಾಡಿಕೊಳ್ಳದಿದ್ದರೆ ಒಂದು ಮಾತು. ಗುಂಡಿ ಒತ್ತಿದರೆ ಗುರ್ ಅನ್ನುವ ನಿಮ್ಮ ಮನೆಯ ಯಂತ್ರ ಮೇಲಿನದನ್ನೂ ನೇರ ಅಳೆಯುವುದಿಲ್ಲ, ಕೆಳಗಿನದನ್ನೂ ಇಲ್ಲ. ತೋಳಿನ ಪಟ್ಟಿಯ ಗಾಳಿ ಇಳಿಯುತ್ತಿರುವಾಗ ರಕ್ತನಾಳದ ಮಿಡಿತ ಆ ಗಾಳಿಯನ್ನು ಸಣ್ಣಗೆ ಅಲುಗಿಸುತ್ತದೆ. ಅಲುಗಾಟ ಎಲ್ಲಿ ಅತಿ ಜೋರೋ ಅಲ್ಲಿ ಸರಾಸರಿ ಒತ್ತಡ. ಮಿಕ್ಕೆರಡೂ ಅದರ ಆಧಾರದ ಮೇಲೆ ಹಾಕಿದ ಅಂದಾಜು. ಅಂದಾಜಿನ ಸೂತ್ರ ಕಂಪನಿಗೊಂದು, ಅದನ್ನು ಅವರು ಸಾಮಾನ್ಯವಾಗಿ ಬಾಯಿಬಿಡುವುದಿಲ್ಲ. ಯಂತ್ರ ಪಾಸಾಗುವ ಪರೀಕ್ಷೆಯಲ್ಲೇ ಸರಾಸರಿ 5 ಅಂಕದ ತನಕ ವ್ಯತ್ಯಾಸಕ್ಕೆ ಮಾಫಿ ಉಂಟು.

ನೇರವಾಗಿ ಅಳೆದವನು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುದುರೆಯ ರಕ್ತನಾಳಕ್ಕೆ ಹಿತ್ತಾಳೆ ಕೊಳವೆ ಚುಚ್ಚಿ, ಅದಕ್ಕೆ ಗಾಜಿನ ನಳಿಗೆ ಸಿಕ್ಕಿಸಿದ. ರಕ್ತ ಎಂಟಡಿ ದಾಟಿ ಮೇಲೇರಿತು. 1733ರಲ್ಲಿ ಪುಸ್ತಕ ಬಂತು. ಅಳತೆ ಸರಿಯಾಗಿತ್ತು, ಕುದುರೆ ಉಳಿಯಲಿಲ್ಲ. ನಮ್ಮ ಪುಣ್ಯಕ್ಕೆ 1896ರಲ್ಲಿ ಇಟಲಿಯ ರೀವಾ-ರೋಚ್ಚಿ ಸೈಕಲ್ ಟ್ಯೂಬನ್ನೇ ತೋಳಿಗೆ ಸುತ್ತಿದ. 1905ರಲ್ಲಿ ರಷ್ಯದ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪಿಟ್ಟು ಟಪ್ ಟಪ್ ಸದ್ದು ಹಿಡಿದ.

ಇನ್ನು ಕೆಲವರಿದ್ದಾರೆ: "ಕೆಳಗಿಂದು 62ಕ್ಕೆ ಇಳಿದಿದೆ, ಎಲ್ಲ ವಾಕಿಂಗ್ ಮಹಿಮೆ!" ಸ್ವಾಮಿ, ಮೇಲಿಂದೆಷ್ಟು ಅಂತ ಕೇಳಿ, 160 ಅಂತಾರೆ. ವಯಸ್ಸಾದಂತೆ ಮಹಾಪಧಮನಿ ಬಿಗಿಯುತ್ತದೆ. ಹೃದಯ ತಳ್ಳಿದಾಗ ಹಿಗ್ಗದು, ಆದ್ದರಿಂದ ಮೇಲಿನದು ಏರುತ್ತದೆ. ಹಿಗ್ಗಿದ್ದರೆ ತಾನೇ ಕುಗ್ಗಿ ಒತ್ತಡ ಉಳಿಸಿಕೊಳ್ಳುವುದು? ಹಾಗಾಗಿ ಕೆಳಗಿನದು ಕುಸಿಯುತ್ತದೆ. ಅಂತರ ದೊಡ್ಡದಾಗುವುದು ಬೀಗುವ ವಿಷಯವಲ್ಲ. ತೋಳಿನ ನಾಳಕ್ಕೇ ಸುಣ್ಣ ಕಟ್ಟಿದ್ದರಂತೂ ಪಟ್ಟಿ ಒತ್ತಿದರೂ ಅದು ಬೇಗ ಮಣಿಯದೆ, ಇಲ್ಲದ ಬಿಪಿ ತೋರಿಸುವುದುಂಟು.

ಅಳೆಸಿಕೊಳ್ಳುವ ಚಂದವನ್ನಂತೂ ಕೇಳಲೇಬೇಡಿ. ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತ ಬರುವುದು, ಸ್ವೆಟರ್ ಮೇಲೇ ಪಟ್ಟಿ ಸುತ್ತಿಸಿಕೊಳ್ಳುವುದು, ಕಾಲ ಮೇಲೆ ಕಾಲು, ಕೈ ಜೋತು ಬಿಟ್ಟು, ಅಷ್ಟು ಹೊತ್ತೂ ಅಳಿಯನ ದೂರು. ತೋಳು ಎದೆಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಅಷ್ಟಕ್ಕೇ ಏಳೆಂಟು ಅಂಕ ಜಾಸ್ತಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿಯಾದರೆ ಇನ್ನಷ್ಟು. ಮಾತಿನದು ಬೇರೆ ಲೆಕ್ಕ. ಆಮೇಲೆ "ಮಿಷನ್ ಸರಿಯಿಲ್ಲ" ಅಂತ ಅದರ ತಲೆಗೆ ಮೊಟಕುವುದು.

ಬಚ್ಚಲಿಗೆ ಹೋಗಿ ಬನ್ನಿ, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಕೂರಿ, ತೋಳನ್ನು ಮೇಜಿನ ಮೇಲಿಡಿ, ನಿಮಿಷ ಬಿಟ್ಟು ಎರಡು ಸಲ ನೋಡಿ ಬರೆದಿಟ್ಟುಕೊಳ್ಳಿ. ಮಾತ್ರೆ ಏರಿಸುವುದು ಇಳಿಸುವುದು ಡಾಕ್ಟರಿಗಿರಲಿ. ಅಳಿಯನ ವಿಷಯ ಪಟ್ಟಿ ಬಿಚ್ಚಿದ ಮೇಲೆ ತೆಗೆಯಿರಿ.